ಪದಚರ್ಚೆ: ಮಾಟ ಕಲಿಯುತ್ತಿರುವ ಹುಡುಗಿಗೆ ಏನನ್ನೋಣ? (ತುರ್ತು)

ನಮಸ್ಕಾರ. 'ಫ್ಲೈಯಿಂಗ್ ವಿಚ್' ಎಂಬ ಜಪಾನಿ ಅನಿಮೆಗೆ (2016, 12 ಕಂತು) ಗೆಳೆಯರು ಸೇರಿ ಕನ್ನಡ ಸಬ್‌ಟೈಟಲ್ ಮಾಡುತ್ತಿದ್ದೇವೆ. ನಾಡಿದ್ದು ಪ್ರದರ್ಶನ, ಪೋಸ್ಟರ್ ಇವತ್ತು ಸಂಜೆಯೇ ಅಚ್ಚಿಗೆ ಹೋಗಬೇಕು. ನಾಯಕಿ ಮಕೊತೊಗೆ 15 ವರ್ಷ. ಆ ವಯಸ್ಸಿಗೆ ಹೆತ್ತವರ ಮನೆ ಬಿಟ್ಟು ಹೊರಡಬೇಕೆಂಬುದು ಅವರ ಕಟ್ಟಳೆ. ಯೊಕೊಹಾಮಾದಿಂದ ಅಒಮೊರಿ ಪ್ರಾಂತ್ಯದ ಹಿರೊಸಾಕಿಗೆ, ನೆಂಟರ ಮನೆಗೆ, ಕರಿಬೆಕ್ಕಿನ ಜೊತೆ ಬರುತ್ತಾಳೆ. ಕಾದಾಟವಿಲ್ಲ, ರಾಕ್ಷಸರಿಲ್ಲ. ಸೇಬಿನ ತೋಟ, ಕಾಡುಸೊಪ್ಪು ಕಿತ್ತು ತಂದು ಕರಿದು ತಿನ್ನುವುದು, ಅಂಗಡಿಯಲ್ಲಿ ಪೊರಕೆ ಕೊಳ್ಳುವಾಗ ಹಾರಲು ಆದೀತೇ ಎಂದು ಅಲ್ಲೇ ಏರಿ ನೋಡುವುದು, ಇಷ್ಟೇ. 'ಮಾಟಗಾತಿ' ಅಂದರೆ ನಮ್ಮ ಜನಕ್ಕೆ ನಿಂಬೆಹಣ್ಣು, ಕುಂಕುಮ, ಮೂರು ದಾರಿ ಕೂಡುವ ಜಾಗ. ಜೊತೆಗೆ ಇವಳಿನ್ನೂ ಕಲಿಯುತ್ತಿರುವವಳು. ಏನು ಬರೆಯಲಿ?

*

'ಶಿಶಿಕ್ಷು ಮಾಂತ್ರಿಕೆ'. ಅಪ್ರೆಂಟಿಸ್‌ಗೆ ಸರ್ಕಾರಿ ಪ್ರಕಟಣೆಗಳಲ್ಲಿ ಎಂದೋ ನಿಂತುಹೋದ ಪದ. ಇಷ್ಟಕ್ಕೆ ಚರ್ಚೆ ಯಾಕೆ?

*

ಡಿಪೋದಲ್ಲಿ ಟೈರ್ ಬಿಚ್ಚುತ್ತಿರುವ ಐಟಿಐ ಹುಡುಗ ಕಣ್ಮುಂದೆ ಬಂದ. ಬೇಡ.

*

ಮಾಟಕ್ಕೆ ಕೆಟ್ಟ ಹೆಸರು ತಂದವರು ನಾವು, ಪದದ ತಪ್ಪೇನಿಲ್ಲ. ಆಡು-ಆಟ, ಓಡು-ಓಟ, ನೋಡು-ನೋಟ, ಮಾಡು-ಮಾಟ. ಮಾಡಿದ್ದೇ ಮಾಟ. 'ಮಾಟವಾದ ಮೂಗು' ಅಂದಾಗ ಯಾರೂ ಬೆಚ್ಚುವುದಿಲ್ಲವಲ್ಲ? ಮಾಟಗಾತಿ ಅಚ್ಚಗನ್ನಡ, ಹಾಗೇ ಇರಲಿ. ಮುಂದೆ ಒಂದು 'ಕಲಿ' ಸೇರಿಸಿದರೆ ಮುಗಿಯಿತು: 'ಕಲಿಮಾಟಗಾತಿ'. ಹುಡುಗಿಯೊಬ್ಬಳು ಪೊರಕೆ ಏರುವುದಕ್ಕೂ ಸಂಸ್ಕ್ರುತದ ಅಪ್ಪಣೆ ಬೇಕೇ?

*

'ಕಲಿಮಾಟಗಾತಿ' ಅಂದರೆ ಕಲಿಯುಗದ ಮಾಟಗಾತಿಯೋ, ಕಲಿಯಾದ ಮಾಟಗಾತಿಯೋ? ಎರಡೂ ಈ ಹುಡುಗಿ ಅಲ್ಲ. ಇನ್ನು -ಗಾತಿ ಎಲ್ಲಿಂದ ಬಂತು ಸ್ವಾಮಿ? -ಗಾರದ ಹೆಣ್ಣುರೂಪ. -ಗಾರ ಸಂಸ್ಕೃತದ -ಕಾರ. ಅಚ್ಚಗನ್ನಡದ ಬಾಲ ಅಲ್ಲೇ ಕಳಚಿತು. ಮೊದಲು 'ಸಂಸ್ಕೃತ'ದ ಋಕಾರ ವಾಪಸ್ ಕೊಡಿ, ಆಮೇಲೆ ಮಾತಾಡೋಣ.

*

'ಮಾಟಶಿಷ್ಯೆ' ಆಗದೇ?

*

ಅರಿಸಮಾಸ, ಕನ್ನಡಕ್ಕೆ ಸಂಸ್ಕೃತದ ಬೆಸುಗೆ. ವ್ಯಾಕರಣಕಾರ ಕೇಶಿರಾಜ ಎದ್ದು ಬಂದಾನು.

*

ವ್ಯಾಕರಣ ಬಿಡಿ, ಅರ್ಥವೇ ಹೊಂದುವುದಿಲ್ಲ. ಶಿಷ್ಯೆ ಅಂದರೆ ಗುರುವಿನ ಮನೆ, ಸೇವೆ, ಬೈಗುಳ ಇರಬೇಕು. ಮಕೊತೊ ಯಾರ ಕಾಲ ಬಳಿಯೂ ಕೂತವಳಲ್ಲ. ಅಕ್ಕ ಅಕಾನೆ ಅಪರೂಪಕ್ಕೆ ಬಂದು ಏನೋ ಹೇಳಿಕೊಟ್ಟು ಹೋಗುತ್ತಾಳೆ, ಅಷ್ಟೇ. ಜಪಾನಿಯಲ್ಲಿ ಕೆಲಸ ಕಲಿಯುವವರಿಗೆ ಮಿನರಾಯಿ ಎನ್ನುತ್ತಾರೆ. ನೋಡುವುದು, ಕಲಿಯುವುದು, ಎರಡೂ ಆ ಒಂದೇ ಪದದಲ್ಲಿವೆ. ನಮ್ಮ 'ನೋಡಿ ಕಲಿ, ಮಾಡಿ ತಿಳಿ'ಯ ಮೊದಲರ್ಧ ಅನ್ನಿ.

ಅಚ್ಚ-ಬೆರಕೆ ಜಗಳ ಆಡುವವರಿಗೆ ಇನ್ನೊಂದು ವಿಷಯ. ಇಂಥವಳಿಗೆ ಜಪಾನಿಯಲ್ಲಿ ಮಾಜೊ ಎನ್ನುತ್ತಾರೆ. ಅದರ ಮೊದಲ ಅಕ್ಷರ ಚೀನಾದಲ್ಲಿ ಹುಟ್ಟಿದ್ದು ಬೌದ್ಧ ಗ್ರಂಥಗಳ 'ಮಾರ'ನನ್ನು ಬರೆದುಕೊಳ್ಳಲು. ಬುದ್ಧನ ತಪಸ್ಸು ಕೆಡಿಸಲು ಬಂದನಲ್ಲ, ಅವನೇ. ಈ ಅನಿಮೆಯ ಹೆಸರೋ, ಇಂಗ್ಲಿಷಿನ ಎರಡು ಪದ. ಹೊರಗಿನ ಪದಗಳನ್ನು ಕತಕಾನಾ ಎಂಬ ಲಿಪಿಯಲ್ಲಿ ಬರೆಯುವುದು ಅಲ್ಲಿಯ ರೂಢಿ. ಇದನ್ನು ಮಾತ್ರ ಮನೆಮಗಳಂತೆ, ತಮ್ಮ ಪದಗಳಿಗೆ ಬಳಸುವ ಹಿರಗಾನಾ ಲಿಪಿಯಲ್ಲಿ ಬರೆದಿದ್ದಾರೆ. ಯಾರ ಜಾತಿಯೂ ಕೆಟ್ಟಿಲ್ಲ.

*

ಅವರು ತಮ್ಮ ಲಿಪಿಗೆ, ತಮ್ಮ ಬಾಯಿಗೆ ಬಗ್ಗಿಸಿಕೊಂಡು ತಂದರು. ನೀವು ಶಿಶಿಕ್ಷು ಅಂತ ಇದ್ದದ್ದನ್ನು ಇದ್ದ ಹಾಗೇ ತಂದು ಹೇರುತ್ತೀರಿ. ಸಾಲ ತರುವುದು ಬೇರೆ, ತಲೆಮೇಲೆ ಹೊರುವುದು ಬೇರೆ.

*

ಜಾದೂ ಪಾರಸಿಯಿಂದ ಬಂತು, ಅದನ್ನು ಯಾರು ಹೊತ್ತರು? ಪದ ಸಲೀಸಾಗಿ ಬಾಯಿಗೆ ಬಂದರೆ ಸಾಕು. ಕಿಟ್ಟೆಲ್ 1894ರಲ್ಲೇ ಇಂಥ ನೂರಾರು ಪದಗಳನ್ನು ತಕರಾರಿಲ್ಲದೆ ಒಳಗೆ ಕರೆದುಕೊಂಡ. ನಿಮ್ಮದೇನು ಗೋಳು?

*

ಕಿಟ್ಟೆಲ್‌ನದು ನಿಗಂಟು, ಅಪ್ಪಣೆ ಚೀಟಿ ಅಲ್ಲ.

*

ದಯವಿಟ್ಟು ಪೋಸ್ಟರ್ ಕಡೆ ಬನ್ನಿ. 'ಮರಿ ಮಾಟಗಾತಿ' ಹೇಗೆ? 'ಮರಿ' ಬಂದೊಡನೆ ನಿಂಬೆಹಣ್ಣಿನ ಭಯ ಅರ್ಧ ಇಳಿಯುತ್ತೆ ಅನಿಸುತ್ತಿದೆ.

*

ಮರಿ ಪುಢಾರಿ ಹೊಗಳಿಕೆ ಅಲ್ಲ, ನೆನಪಿರಲಿ. ಅಲ್ಲದೆ ಆ ಮನೆಯ ಪುಟ್ಟ ಹುಡುಗಿ ಚಿನಾತ್ಸು ತಾನೂ ಮಾಟ ಕಲಿಯುತ್ತೇನೆ ಅಂತ ಹೊರಡುತ್ತಾಳೆ. 'ಮರಿ' ನ್ಯಾಯವಾಗಿ ಅವಳಿಗೆ ಸಲ್ಲಬೇಕು. ಇವಳಿಗೆ ಕೊಟ್ಟುಬಿಟ್ಟರೆ ಅವಳು ಬಂದಾಗ ಏನು ಮಾಡುತ್ತೀರಿ? ಮರಿಮರಿ?

*

ಸರಿ. ಪೋಸ್ಟರ್‌ಗೆ 'ಮಾಟ ಕಲಿಯುವ ಹುಡುಗಿ' ಅಂತ ಕಳಿಸಿದೆ. ಸಬ್‌ಟೈಟಲ್‌ನಲ್ಲಿ ಮಕೊತೊ ಬರೀ ಮಾಟಗಾತಿ, ಚಿನಾತ್ಸು ಮರಿ ಮಾಟಗಾತಿ. ಎಲ್ಲರಿಗೂ ಧನ್ಯವಾದ.

ಇನ್ನೊಂದು ಸಣ್ಣ ಪ್ರಶ್ನೆ. ಮನೆಯ ಯಜಮಾನರು ಆ ಕಡೆಯ ತ್ಸುಗರು ಆಡುನುಡಿಯಲ್ಲಿ ಮಾತಾಡಿದರೆ ಮಕೊತೊಗೆ ಒಂದಕ್ಷರ ತಿಳಿಯುವುದಿಲ್ಲ. ಅವರ ಬಾಯಿಗೆ ಯಾವ ಕನ್ನಡ ಹಾಕಲಿ?

*

ಕುಂದಾಪ್ರ.

*

ಅರ್ಥವಾಗದ ಮಾತು ಬೇಕು ಅಂದಕೂಡಲೇ ಎಲ್ಲರಿಗೂ ನಮ್ಮ ಕುಂದಾಪ್ರವೇ ಕಾಣುತ್ತೆ. ನಮಗೆ ಚೆನ್ನಾಗೇ ಅರ್ಥವಾಗುತ್ತೆ ಮಾರಾಯ್ರೆ.

*

ಅದಕ್ಕೆ ಬೇರೆ ಎಳೆ ತೆರೆಯಿರಿ. -ಗಾರ ಸಂಸ್ಕ್ರುತದ್ದು ಅಂದವರು ಹಳಗನ್ನಡದಿಂದ ಒಂದಾದರೂ ಪ್ರಯೋಗ ತೋರಿಸಲಿ, ಕಾಯುತ್ತಿದ್ದೇನೆ.