ಕ್ಯಾಬಿನೆಟ್ ಮುಟ್ಟಿದ್ರ ಜುಂ ಅಂತದ: ರ‍್ಯಾಮ್ ಹಾಕೂಮುಂದ ಸ್ಟ್ಯಾಟಿಕ್‌ನಿಂದ ಹೆಂಗ ಕಾಯೂದು?

ಪ್ರಶ್ನೆ, ವಿಜಯಪುರದಿಂದ

ನಮಸ್ಕಾರ್ರಿ. ಮನಿ ಪಿಸಿಗೆ ಇನ್ನೊಂದು 8 ಜಿಬಿ ರ‍್ಯಾಮ್, ಒಂದು ಎನ್‌ವಿಎಂಇ ಎಸ್‌ಎಸ್‌ಡಿ (ಫೈಲ್ ಇಡೂ ಪಟ್ಟಿಯಂಥಾ ಡ್ರೈವ್) ಹಾಕೂದದ. ಈಗ ಚಳಿಗಾಲ, ಹವಾ ಭಾಳ ಒಣಾ. ಸ್ವೆಟರ್ ಕಳಿಯೂಮುಂದ ಚಟಚಟ ಅಂತದ, ಬಾಗಿಲ ಚಿಲಕ ಮುಟ್ಟಿದ್ರ ಚಟ್ ಅಂತ ಹೊಡೀತದ. ಪಿಸಿ ಚಾಲೂ ಇದ್ದಾಗ ಹಿಂದಿನ ಸ್ಕ್ರೂಗೆ ಕೈ ತಾಗಿದ್ರ ಜುಂ ಅಂತದ. ಇವೆರಡೂ ಒಂದೇ ಏನ್ರಿ? ರಿಸ್ಟ್ ಸ್ಟ್ರಾಪ್ (ಸ್ಟ್ಯಾಟಿಕ್ ಇಳಿಸಾಕ ಮಣಿಕಟ್ಟಿಗೆ ಕಟ್ಟೂ ವೈರಿನ ಪಟ್ಟಿ) ಕ್ಲಿಪ್ ಎಲ್ಲಿ ಹಾಕೂದು? ಪ್ಲಗ್ ತಗೀಬೇಕೋ, ಹಂಗ ಬಿಡಬೇಕೋ? ಒಬ್ಬೊಬ್ರು ಒಂದೊಂದು ಹೇಳ್ತಾರ.

ಉತ್ತರ, ಬೆಳಗಾವಿಯಿಂದ

ಎರಡೂ ಬ್ಯಾರೆ ಬ್ಯಾರೆ ಅದಾವ್ರಿ. ಒಮ್ಮೆ ಚಟ್ ಅಂದು ಮುಗೀತಂದ್ರ ಅದು ಸ್ಟ್ಯಾಟಿಕ್, ಅಂದ್ರ ತಿಕ್ಕಾಟದಿಂದ ಮೈಯಾಗ ಕೂಡಿದ ಚಾರ್ಜ್. ಕೈ ಇಟ್ಟಷ್ಟೊತ್ತೂ ಜುಂ ಅಂತಿದ್ರ ಅರ್ಥಿಂಗ್ ಇಲ್ಲ ಅಂತ ತಿಳೀರಿ. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೂ ಪವರ್ ಸಪ್ಲೈ ಡಬ್ಬಿ) ಒಳಗ ಫೇಸ್‌ನಿಂದ ಬಾಡಿಗೆ ಒಂದು, ನ್ಯೂಟ್ರಲ್‌ನಿಂದ ಬಾಡಿಗೆ ಒಂದು ಸಣ್ಣ ಫಿಲ್ಟರ್ ಕೆಪಾಸಿಟರ್ ಇರ್ತಾವ. ಅರ್ಥ್ ವೈರ್ ಸರಿ ಇದ್ರ ಅವುಗಳ ಸೋರಿಕೆ ನೆಲಕ್ಕ ಹೋಗ್ತದ. ಇಲ್ಲಂದ್ರ ಕ್ಯಾಬಿನೆಟ್ 230ರ ಅರ್ಧ, ಸುಮಾರು 115 ವೋಲ್ಟಿನ ಮ್ಯಾಲೆ ನಿಂತಿರ್ತದ.

ಮೊದಲು ಇದನ್ನ ಅಳೀರಿ. ಮಲ್ಟಿಮೀಟರ್ ಎಸಿ 750 ರೇಂಜಿಗೆ ಇಡ್ರಿ. ಸಾಕೆಟ್ಟಿನ ಮ್ಯಾಲಿನ ದೊಡ್ಡ ತೂತು ಅರ್ಥ್. ಫೇಸ್-ಅರ್ಥ್ ನಡುವ 230ರ ಆಸುಪಾಸು, ನ್ಯೂಟ್ರಲ್-ಅರ್ಥ್ ನಡುವ ಎರಡು ಮೂರು ವೋಲ್ಟ್ ಬಂದ್ರ ಛಲೋ. ಕೆಲವರು ಬೋರ್ಡಿನ್ಯಾಗ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ತುಂಡು ವೈರ್ ಹಾಕಿಬಿಡ್ತಾರ. ಮೀಟರಿನ್ಯಾಗ ಎಲ್ಲಾ ಸರಿ ಕಾಣ್ತದ, ಆದ್ರ ನ್ಯೂಟ್ರಲ್ ಎಲ್ಲೋ ಕಡೀತಂದ್ರ ಪೂರಾ 230 ಕ್ಯಾಬಿನೆಟ್ಟಿಗೆ ಬರ್ತದ. ಜೀವಕ್ಕ ಅಪಾಯ. ಬೋರ್ಡ್ ಬಿಚ್ಚಿಸಿ ನೋಡಿಸ್ರಿ.

ಉತ್ತರ, ಬಾಗಲಕೋಟೆಯಿಂದ

ಪ್ಲಗ್ ವಿಚಾರಕ್ಕ ಬರ್ತೀನಿ. ನಮ್ಮ ಗೋಡೆ ಸ್ವಿಚ್ಚು ಫೇಸ್ ಒಂದನ್ನ ಕಡೀತದ, ಅರ್ಥ್ ಹಂಗ ಉಳೀತದ. ಅದಕ್ಕ ಕೆಲವರು ಪ್ಲಗ್ ಬಿಡ್ರಿ ಅಂತಾರ. ಅರ್ಥ್ ಪಕ್ಕಾ ಇದ್ದಲ್ಲಿ ಅದು ಖರೇ. ನಿಮ್ಮಲ್ಲಿ ಜುಂ ಅನ್ನೂದು ಇರೂದ್ರಿಂದ ಪ್ಲಗ್ ಪೂರಾ ತಗೀರಿ. ಸ್ಟ್ಯಾಟಿಕ್‌ಗೆ ನೆಲದ ಅರ್ಥ್ ಇರಲೇಬೇಕಂತ ಇಲ್ಲ. ನಿಮ್ಮ ಮೈ, ಕ್ಯಾಬಿನೆಟ್, ಕೈಯಾಗಿನ ರ‍್ಯಾಮ್ ಮೂರೂ ಒಂದೇ ವೋಲ್ಟಿನ್ಯಾಗ ಇದ್ರ ಸಾಕು. ಚಿಪ್ ಸುಡೂದು ವೋಲ್ಟಿನ ವ್ಯತ್ಯಾಸಕ್ಕ.

ಪ್ಲಗ್ ತಗದ ಮ್ಯಾಲೆ ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡೀರಿ. ಮದರ್‌ಬೋರ್ಡಿನ ಸಣ್ಣ ಎಲ್‌ಇಡಿ ಆರಬೇಕು. ಕ್ಲಿಪ್ಪನ್ನ ಪೇಂಟ್ ಇಲ್ಲದ ಕಬ್ಬಿಣಕ್ಕ ಹಚ್ಚರಿ, ಎಸ್‌ಎಂಪಿಎಸ್ ಸ್ಕ್ರೂ ಆದ್ರೂ ನಡೀತದ. ಪೇಂಟಿನ ಮ್ಯಾಲೆ ಹಚ್ಚಿದ್ರ ಹಚ್ಚಿಲ್ಲದಂಗ. ಸ್ಟ್ರಾಪಿನ ಲೋಹದ ಬಿಲ್ಲೆ ಚರ್ಮಕ್ಕ ಅಂಟಿರಬೇಕು, ತೋಳಿನ ಮ್ಯಾಲೆ ಅಲ್ಲ. ಬಿಲ್ಲೆಯಿಂದ ಕ್ಲಿಪ್ಪಿನ ತನಕ ಮೀಟರಿನ 2 ಮೆಗಾ ರೇಂಜಿನ್ಯಾಗ ಸುಮಾರು 1 ಮೆಗಾಓಮ್ ತೋರಿಸಬೇಕು. ಏನೂ ತೋರಿಸದಿದ್ರ ವೈರ್ ಒಳಗ ಕಡಿದದ. ಸೊನ್ನೆ ತೋರಿಸಿದ್ರ ಅದನ್ನ ಕಟ್ಟಲೇಬ್ಯಾಡ್ರಿ: ತಪ್ಪಿ 230 ತಾಗಿದ್ರೂ ಕರೆಂಟ್ 0.23 ಮಿಲಿಆಂಪಿಗೆ ನಿಲ್ಲಲಿ ಅಂತನೇ ಆ ರೆಸಿಸ್ಟರ್ ಇರೂದು. ವೈರ್ ಇಲ್ಲದ ಸ್ಟ್ರಾಪ್ ಮಾರ್ತಾರ, ರೊಕ್ಕ ದಂಡ.

ರ‍್ಯಾಮನ್ನ ಚೀಲದೊಳಗಿರೂವಾಗಲೇ ಕ್ಯಾಬಿನೆಟ್ಟಿಗೆ ಒಮ್ಮೆ ತಾಗಿಸಿ, ಆಮ್ಯಾಲೆ ತಗೀರಿ. ಅಂಚು ಹಿಡೀರಿ, ಬಂಗಾರ ಬಣ್ಣದ ಪಟ್ಟಿ ಮುಟ್ಟಬ್ಯಾಡ್ರಿ. ಎಸ್‌ಎಸ್‌ಡಿ ಸುಮಾರು 30 ಡಿಗ್ರಿ ಓರೆ ತೂರಿಸಿ, ಒತ್ತಿ, ಸ್ಕ್ರೂ ಹಾಕ್ರಿ. ತಗದಿಟ್ಟದ್ದನ್ನ ಥರ್ಮಾಕೋಲ್ ಮ್ಯಾಲೆ ಇಡಲೇಬ್ಯಾಡ್ರಿ, ಅದರಷ್ಟು ಚಾರ್ಜ್ ಹಿಡಿಯೂ ವಸ್ತು ಕಡಿಮಿ. ರಟ್ಟಿನ ಡಬ್ಬಿ ಛಲೋ. ಬೆಳ್ಳಿ ಬಣ್ಣದ ಚೀಲದ ಮ್ಯಾಲೆ ಮದರ್‌ಬೋರ್ಡ್ ಇಟ್ಟು ಚಾಲೂ ಮಾಡೂದೂ ತಪ್ಪು, ಅದರಾಗ ಲೋಹದ ಪದರ ಇರ್ತದ.

ಉತ್ತರ, ಬೆಳಗಾವಿಯಿಂದ

ಇನ್ನೊಂದು ಮಾತು. ರ‍್ಯಾಮ್ ಪಟ್ಟಿಯನ್ನ ರಬ್ಬರಿನಿಂದ ತಿಕ್ಕೂ ರೂಢಿ ಬಿಡ್ರಿ. ತಿಕ್ಕಿದಷ್ಟು ಚಾರ್ಜ್ ಹುಟ್ತದ, ಬಂಗಾರದ ಲೇಪನೂ ಸವೀತದ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟಿ ಸಾಕು. ಧೂಳಿಗೆ ವ್ಯಾಕ್ಯೂಮ್ ಕ್ಲೀನರ್ ಬ್ಯಾಡ, ಅದರ ಪ್ಲಾಸ್ಟಿಕ್ ಮೂತಿಗೆ ಸ್ಟ್ಯಾಟಿಕ್ ತುಂಬ್ತದ. ಕೈಗೆ ಚಟ್ ಅಂತ ತಿಳೀಬೇಕಂದ್ರ ಸುಮಾರು 3000 ವೋಲ್ಟ್ ಬೇಕು. ಕೆಲವು ಚಿಪ್ ನೂರರ ಲೆಕ್ಕದಾಗೇ ಕೆಡ್ತಾವ. ಹಂಗಾಗಿ ಏನೂ ಹೊಡೀಲಿಲ್ಲ ಅಂದ್ರ ಏನೂ ಆಗಿಲ್ಲ ಅಂತ ಅಲ್ಲ. ಕೆಟ್ಟದ್ದೂ ಕೂಡಲೇ ಗೊತ್ತಾಗೂದಿಲ್ಲ, ಎಷ್ಟೋ ದಿನದ ಮ್ಯಾಲೆ ಪಿಸಿ ನಿಂತು ನೀಲಿ ಪರದೆ ಬರ್ತದ. ಹಾಕಿದ ರಾತ್ರಿನೇ ಮೆಮ್‌ಟೆಸ್ಟ್ (ರ‍್ಯಾಮ್ ಪರೀಕ್ಷೆ ಮಾಡೂ ಪ್ರೋಗ್ರಾಮ್) ಓಡಿಸ್ರಿ. ಹತ್ತಿ ಅಂಗಿ ಹಾಕ್ಕೊಂಡು, ಬರಿಗಾಲಿಲೆ ಪರ್ಸಿ ಮ್ಯಾಲೆ ಕೂಡ್ರಿ. ನೈಲಾನ್ ಕಾರ್ಪೆಟ್ ಸರಿಸ್ರಿ.

ಪ್ರಶ್ನೆ ಕೇಳಿದವರು

ಅಳತಿ ಮಾಡೀನ್ರಿ. ಫೇಸ್-ನ್ಯೂಟ್ರಲ್ 231. ಫೇಸ್-ಅರ್ಥ್ 70, ನ್ಯೂಟ್ರಲ್-ಅರ್ಥ್ 45. ಅಂಕಿ ನಿಲ್ಲಂಗಿಲ್ಲ, ಏರಿಳೀತಾವ.

ಉತ್ತರ, ಬಾಗಲಕೋಟೆಯಿಂದ

ಅರ್ಥ್ ಇಲ್ರಿ. ಪಿನ್ನಿಗೆ ವೈರ್ ಬಂದಿಲ್ಲ, ಇಲ್ಲಾ ನಡುವ ಕಡಿದದ. ಎಲೆಕ್ಟ್ರೀಷಿಯನ್ನರಿಗೆ ಬೋರ್ಡಿನಿಂದ ಅರ್ಥ್ ಗುಂಡಿ ತನಕ ನೋಡ್ರಿ ಅನ್ರಿ. ನಮ್ಮ ಎರಿ ಮಣ್ಣು ಬ್ಯಾಸಗಿಗೆ ಬಿರೀತದ, ಆವಾಗ ಗುಂಡಿಗೆ ನೀರು ಹಾಕ್ಕೋತ ಇರಬೇಕು. ರ‍್ಯಾಮ್ ಹಾಕಾಕ ಅಲ್ಲೀತನಕ ಕಾಯೂದು ಬ್ಯಾಡ. ಪ್ಲಗ್ ತಗದು, ಕ್ಲಿಪ್ ಕ್ಯಾಬಿನೆಟ್ಟಿಗೆ ಹಚ್ಚಿ ಹಾಕಿಬಿಡ್ರಿ. ಪ್ಲಗ್ ಹಾಕೂಕಿಂತ ಮೊದಲು ಸ್ಟ್ರಾಪ್ ಕೈಯಿಂದ ಬಿಚ್ಚರಿ.