ಮಗ ಸ್ಕೂಟರ್ ಓಡಿಸಿದ, ಸಮನ್ಸ್ ನನಗೆ ಬಂದಿದೆ: ಅನುಭವ ಇದ್ದವರು ತಿಳಿಸಿ

ದಾವಣಗೆರೆ ವಿನೋಬನಗರದವಳು. ಹದಿನಾರು ವರ್ಷದ ಮಗ ನನ್ನ ಸ್ಕೂಟರಿನಲ್ಲಿ ಟ್ಯೂಷನ್‌ಗೆ ಹೋಗುವಾಗ ಪೊಲೀಸರಿಗೆ ಸಿಕ್ಕಿಬಿದ್ದ. ಈಗ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದಿಂದ ನನ್ನ ಹೆಸರಿಗೆ ಸಮನ್ಸ್. ‘ತಪ್ಪೊಪ್ಪಿಕೊಂಡು ದಂಡ ಕಟ್ಟಿ, ಒಂದೇ ದಿನದ ಕೆಲಸ’ ಎನ್ನುತ್ತಾರೆ. ವಕೀಲರು ಬೇಕೇ?

ಮಂಡಿಪೇಟೆಯ ಅಂಗಡಿಯವನು:
ಅಕ್ಕಾ, ಕಳೆದ ವರ್ಷ ನನ್ನದೂ ಇದೇ ಪಾಡು. ಮೊದಲ ವಾಯಿದೆಯ ದಿನ ಲೋಡ್ ಬಂದಿತ್ತೆಂದು ಹೋಗಲಿಲ್ಲ, ವಾರಂಟ್ ಹೊರಟಿತು. ಪೇದೆ ಅಂಗಡಿ ಬಾಗಿಲಿಗೆ ಬಂದು ನಿಂತಾಗ ಗಿರಾಕಿಗಳೆಲ್ಲ ತೂಕ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಮುಂದಿನ ಸಲ ಬೇಗನೆ ಹೋಗಿ ಬಾಗಿಲಲ್ಲೇ ನಿಂತೆ. ಹೆಸರು ಕೂಗುವುದು ಒಂದೇ ಉಸಿರಿಗೆ. ಚಹಾ ಕುಡಿಯಲು ಹೋದವರು ಕೆಟ್ಟರು. ಒಪ್ಪಿಕೊಂಡೆ, 25,000 ರೂಪಾಯಿ ಕಟ್ಟಿದೆ. ಮಿರ್ಚಿ ಕರಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ವಕೀಲರ ಕಚೇರಿಯ ಹಳೆಯ ಗುಮಾಸ್ತ:
ಆ ಮಿರ್ಚಿಯ ಅವಸರವೇ ನನಗೆ ಹಿಡಿಸುವುದಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮು ಬರೀ ದಂಡದ್ದಲ್ಲ. ಮೂರು ವರ್ಷದವರೆಗೆ ಸಜೆ ಎಂದಿದೆ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು ಎಂದಿದೆ, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ ಎಂದಿದೆ. ಅದರಲ್ಲೇ ನಿಮ್ಮ ಪರವಾದ ಮಾತೊಂದೂ ಇದೆ: ನಿಮಗೆ ಗೊತ್ತಿಲ್ಲದೆ ನಡೆದಿತ್ತು, ಇಲ್ಲವೇ ತಡೆಯಲು ತಕ್ಕ ಎಚ್ಚರ ವಹಿಸಿದ್ದಿರಿ ಎಂದು ರುಜುವಾತಾದರೆ ಶಿಕ್ಷೆಯಿಲ್ಲ. ರುಜುವಾತು ಮಾಡಬೇಕಾದವರು ಮಾತ್ರ ನೀವೇ. ನಿಮ್ಮ ಒಪ್ಪಿಗೆಯಿಂದಲೇ ಓಡಿಸಿದ ಎಂದು ನ್ಯಾಯಾಲಯ ಮೊದಲೇ ಭಾವಿಸಿರುತ್ತದೆ. ಕೀಲಿ ಎಲ್ಲಿಟ್ಟಿದ್ದಿರಿ, ಆ ಹೊತ್ತಿಗೆ ನೀವೆಲ್ಲಿದ್ದಿರಿ, ಎಲ್ಲವನ್ನೂ ಇದ್ದದ್ದು ಇದ್ದಂತೆ ವಕೀಲರಿಗೆ ಹೇಳಿ. ದಿನಾ ನೀವೇ ಕೀಲಿ ಕೊಡುತ್ತಿದ್ದರೆ ಆ ದಾರಿ ಹಿಡಿಯಬೇಡಿ, ಪಾಟಿ ಸವಾಲಿನಲ್ಲಿ ನಿಲ್ಲುವುದಿಲ್ಲ. ಏನೇ ಇರಲಿ, ದೋಷಾರೋಪ ಪಟ್ಟಿಯ ಪ್ರತಿ ಓದದೆ ‘ಹೌದು ಸ್ವಾಮಿ’ ಎನ್ನಬೇಡಿ.

ನಿಟುವಳ್ಳಿಯವಳು:
ಫೀಸಿಗೆ ಹೆದರಬೇಡಿ ಅಕ್ಕಾ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ನನ್ನ ಜೀವನಾಂಶದ ಕೇಸಿಗೆ ಹೀಗೇ ಸಿಕ್ಕರು. ಬಿಟ್ಟಿ ವಕೀಲರು ಏನು ವಾದಿಸುತ್ತಾರೆ ಎಂದು ನಮ್ಮ ಮಾವನವರು ನಕ್ಕಿದ್ದರು. ಆಕೆ ಒಂದು ವಾಯಿದೆಯನ್ನೂ ತಪ್ಪಿಸಲಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಕೇಳಿದವಳು:
ಸೋಮವಾರವೇ ಹೋಗುತ್ತೇನೆ. ನಿಜ ಹೇಳಬೇಕೆಂದರೆ, ಅವತ್ತು ಕೀಲಿ ಕೊಟ್ಟವಳು ನಾನೇ. ಸಮನ್ಸಿನ ಮೂಲ ಪ್ರತಿ ಬೇಕೇ, ಜೆರಾಕ್ಸ್ ಸಾಕೇ?

ಗುಮಾಸ್ತ:
ಎರಡೂ ಒಯ್ಯಿರಿ ತಾಯಿ. ಕೀಲಿಯ ಮಾತನ್ನು ವಕೀಲರ ಮುಂದೆ ಆಡಿ, ಹತ್ತು ಜನ ಓದುವ ಕಡೆ ಬೇಡ.