ಇಂಟರ್ನ್‌ಶಿಪ್ ನಡುವೆ ಪಕ್ಕದ ಟೀಮಿನ ಕೆಲಸ ಕೇಳಬಹುದಾ? (ಜರ್ಮನಿ)

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನನ್ನೂರು ದಾವಣಗೆರೆ. ಜರ್ಮನಿಯಲ್ಲಿ ಮೆಕಾಟ್ರಾನಿಕ್ಸ್ ಮಾಸ್ಟರ್ಸ್ ಓದುತ್ತಿದ್ದೇನೆ. ಈಗ ಸ್ಟುಟ್‌ಗಾರ್ಟ್ ಹತ್ತಿರ ಒಂದು ಕಂಪನಿಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್, ಎರಡು ತಿಂಗಳು ಮುಗಿದಿದೆ. ಬ್ರೇಕ್ ಟೆಸ್ಟ್ ಡೇಟಾ ನೋಡುವುದು ನನ್ನ ಕೆಲಸ. ಅದೇ ಮಹಡಿಯಲ್ಲಿ ಬ್ಯಾಟರಿ ಟೀಮ್ ಇದೆ. ನನಗೆ ಅಲ್ಲಿ ಥೀಸಿಸ್ ಮಾಡುವ ಆಸೆ. ಆದರೆ ಕೇಳಿದರೆ ನನ್ನ ಮೇಲಿನವರು ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಭಯ. ಮನೆಯಲ್ಲಿ "ಸಿಕ್ಕಿದ್ದನ್ನು ನೆಟ್ಟಗೆ ಮಾಡು, ಅತ್ತ ಇತ್ತ ನೋಡಬೇಡ" ಅನ್ನುತ್ತಾರೆ. ಇಲ್ಲೇ ಕೆಲಸದಲ್ಲಿರುವ ಸರ್, ನೀವೇನು ಹೇಳುತ್ತೀರಿ?

ಉತ್ತರ: ಕೇಳಿ. ಈ ತಿಂಗಳೇ ಕೇಳಿ.

2014ರಲ್ಲಿ ನಾನೂ ಹೀಗೇ ಇಂಟರ್ನ್ ಆಗಿದ್ದೆ. ಪಕ್ಕದ ಲ್ಯಾಬಿನ ಕೆಲಸ ತುಂಬಾ ಇಷ್ಟವಾಗಿತ್ತು. ಕೇಳಲು ಸಂಕೋಚ. ಕೊನೆಯ ವಾರದಲ್ಲಿ ಧೈರ್ಯ ಮಾಡಿ ಹೋದೆ. ಆ ಲ್ಯಾಬಿನವರು ಪಾಪ ನಿಜವಾಗಿಯೂ ನೊಂದುಕೊಂಡರು. "ಥೀಸಿಸ್‌ಗೆ ಒಬ್ಬರು ಬೇಕಿತ್ತು, ಒಂದೂವರೆ ತಿಂಗಳ ಹಿಂದೆ ಬೇರೆ ಹುಡುಗನಿಗೆ ಕೊಟ್ಟುಬಿಟ್ಟೆವು. ನೀನು ಒಂದು ಮಾತೂ ಹೇಳಲಿಲ್ಲವಲ್ಲ" ಅಂದರು. ಆವತ್ತು ಸಂಜೆ ರೈಲಿನಲ್ಲಿ ನನ್ನ ಸ್ಟೇಷನ್ ಬಂದದ್ದೇ ಗೊತ್ತಾಗಲಿಲ್ಲ.

ಇಲ್ಲಿ ಥೀಸಿಸ್ ಜಾಗಗಳು ಮೂರು ನಾಲ್ಕು ತಿಂಗಳು ಮುಂಚೆಯೇ ನಿಗದಿಯಾಗುವುದು ಜಾಸ್ತಿ. ವಿಷಯ ಬೇಕು, ಪ್ರೊಫೆಸರ್ ಒಪ್ಪಬೇಕು, ಎಚ್‌ಆರ್ ಕಾಂಟ್ರ್ಯಾಕ್ಟ್ ಮಾಡಬೇಕು. ನಿಮಗಿನ್ನು ನಾಲ್ಕು ತಿಂಗಳಿದೆ. ಸರಿಯಾದ ಸಮಯ.

ಮೊದಲು ನಿಮ್ಮ ಮೇಲಿನವರಿಗೇ ಹೇಳಿ. ಇಂಟರ್ನ್ ಮುಂದಿನ ದಾರಿ ಹುಡುಕುತ್ತಾಳೆ ಅಂತ ಅವರಿಗೆ ಗೊತ್ತೇ ಇರುತ್ತದೆ. ಬೇರೆಯವರ ಬಾಯಿಂದ ಕೇಳಿದರೆ ಮಾತ್ರ ಬೇಜಾರಾಗುವುದು. ತಾರೀಖು ಸಮೇತ ಹೇಳಿ: "ನನ್ನ ಥೀಸಿಸ್ ಏಪ್ರಿಲ್‌ಗೆ ಶುರುವಾಗಬೇಕು. ಬ್ಯಾಟರಿ ಟೀಮಿನವರ ಜೊತೆ ಅರ್ಧ ಗಂಟೆ ಮಾತಾಡಬಹುದಾ?" ಇಷ್ಟು ಸಾಕು. ಸುಮ್ನೆ "ಏನಾದರೂ ಅವಕಾಶ ಇದ್ದರೆ ಹೇಳಿ" ಅಂದರೆ ಯಾರಿಗೂ ನೆನಪಿರುವುದಿಲ್ಲ.

ಇನ್ನು, ಬ್ಯಾಟರಿ ಟೀಮಿಗೆ ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ಬ್ರೇಕ್ ಡೇಟಾದಲ್ಲೇ ಅವರ ವಿಷಯ ಇದೆ. ಎಲೆಕ್ಟ್ರಿಕ್ ಕಾರಿನ ಬ್ರೇಕ್ ಒತ್ತಿದಾಗ ಮೋಟಾರ್ ಜನರೇಟರ್ ಆಗುತ್ತದೆ, ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ, ಇಲ್ಲವೇ ಚಳಿಗೆ ತಣ್ಣಗಾಗಿದ್ದರೆ, ಅದು ಅಷ್ಟು ಕರೆಂಟ್ ತೆಗೆದುಕೊಳ್ಳುವುದಿಲ್ಲ. ಆಗ ಭಾರವೆಲ್ಲ ಮಾಮೂಲಿ ಬ್ರೇಕ್ ಪ್ಯಾಡ್ ಮೇಲೆ. ಜನವರಿ ಬೆಳಿಗ್ಗೆ, ರಾತ್ರಿಯಿಡೀ ಚಾರ್ಜ್ ಆದ ಕಾರು ಇಳಿಜಾರಿನಲ್ಲಿ ಇಳಿಯುತ್ತಿದೆ ಅಂದುಕೊಳ್ಳಿ. ಪ್ಯಾಡ್ ಎಷ್ಟು ಬಿಸಿಯಾಗುತ್ತದೆ? ಈ ಪ್ರಶ್ನೆ ಎರಡೂ ಟೀಮಿಗೆ ಸೇರಿದ್ದು. ಅಂಥದ್ದೊಂದು ಗ್ರಾಫ್ ಇದ್ದರೆ ನಿಮ್ಮ ಮೇಲಿನವರ ಒಪ್ಪಿಗೆ ಪಡೆದು ತೋರಿಸಿ. ಮನೆಯವರು ಹೇಳಿದ ಹಾಗೆ ನೆಟ್ಟಗೆ ಮಾಡಿದ ಕೆಲಸವೇ ಇಲ್ಲಿ ನಿಮ್ಮ ಪರವಾಗಿ ಮಾತಾಡುತ್ತದೆ.

ಇನ್ನೊಂದು ವಿಷಯ. ನಿಮ್ಮದು ಕೋರ್ಸಿನಲ್ಲಿ ಕಡ್ಡಾಯವಾದ ಇಂಟರ್ನ್‌ಶಿಪ್ಪಾ, ನೀವಾಗಿಯೇ ಮಾಡುತ್ತಿರುವುದಾ? 2024ರ ಮಾರ್ಚ್‌ನಿಂದ ನಮ್ಮಂಥ ಹೊರಗಿನ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಬಹುದು. ಅದಕ್ಕೆ ಮುಂಚೆ 120 ಇತ್ತು. ಕಡ್ಡಾಯ ಇಂಟರ್ನ್‌ಶಿಪ್ ಈ ಲೆಕ್ಕಕ್ಕೆ ಬರುವುದಿಲ್ಲ. ನೀವಾಗಿಯೇ ಮಾಡಿದ್ದು ಬರುತ್ತದೆ. ಆರು ತಿಂಗಳು ಅಂದರೆ 26 ವಾರ, ವಾರಕ್ಕೆ ಐದು ದಿನದಂತೆ 130 ದಿನ. ಉಳಿಯುವುದು ಹತ್ತೇ! ಯಾವುದಕ್ಕೂ ಹೂಂ ಅನ್ನುವ ಮುಂಚೆ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೂತು ಈ ಲೆಕ್ಕ ಹಾಕಿಸಿ.

ಇನ್ನೊಬ್ಬ ಸದಸ್ಯರು: ಸರ್, ನಾನೂ ಇಂಟರ್ನ್. ನಡುವೆ ಬೇರೆ ಕಂಪನಿಯಿಂದ ಜಾಸ್ತಿ ದುಡ್ಡಿನ ಆಫರ್ ಬಂದಿದೆ. ಇದನ್ನು ಬಿಟ್ಟು ಹೋಗಬಹುದಾ?

ಉತ್ತರ: ಬಿಡಬೇಡಿ ಅಂತಲೇ ನನ್ನ ಸಲಹೆ. ಕಡ್ಡಾಯದ್ದಾದರೆ ಯೂನಿವರ್ಸಿಟಿ ಕೇಳಿದಷ್ಟು ವಾರ ಮುಗಿಯದೆ ಕ್ರೆಡಿಟ್ ಸಿಗದೆ ಹೋಗಬಹುದು. ಹೊಸಬರಿಗೆ "ಈ ತಾರೀಖಿನ ನಂತರ ಬರುತ್ತೇನೆ" ಅಂತ ಬರೆಯಿರಿ. ನಿಜವಾಗಿ ಬೇಕಿದ್ದರೆ ಕಾಯುತ್ತಾರೆ.

ಹೊರಡುವಾಗ ಕೆಲಸದ ಪ್ರಮಾಣಪತ್ರ ಕೇಳುವುದನ್ನು ಮರೆಯಬೇಡಿ. ಇಲ್ಲಿ ಅದಕ್ಕೆ ಆರ್ಬೈಟ್ಸ್‌ತ್ಸೊಯ್ಗ್ನಿಸ್ ಅನ್ನುತ್ತಾರೆ. ಅದರ ಭಾಷೆಯೇ ಬೇರೆ. "ನಮಗೆ ತೃಪ್ತಿಯಾಗುವಂತೆ ಮಾಡಿದರು" ಅಂತ ಬರೆದಿದ್ದರೆ ನಮ್ಮ ಕಿವಿಗೆ ಹೊಗಳಿಕೆ, ಇಲ್ಲಿ ಓದುವವರಿಗೆ ಅದು ಬರೀ ಪಾಸ್ ಮಾರ್ಕು. "ಯಾವಾಗಲೂ ಪರಿಪೂರ್ಣ ತೃಪ್ತಿ" ಅನ್ನುವ ಅರ್ಥದ ಸಾಲು ಬೇಕು, ಜರ್ಮನ್‌ನಲ್ಲಿ ಷ್ಟೇಟ್ಸ್, ಫೋಲ್‌ಸ್ಟನ್ ಅನ್ನುವ ಎರಡು ಪದ ಇರಬೇಕು. ಸಿಕ್ಕ ಕೂಡಲೇ ಜರ್ಮನ್ ಬಲ್ಲವರಿಂದ ಓದಿಸಿ.

ಮತ್ತೊಬ್ಬರು: ಟೀಮ್‌ನಲ್ಲಿ ಇಂಗ್ಲಿಷ್ ನಡೆಯುತ್ತೆ ಸರ್. ಆದರೂ ಜರ್ಮನ್ ಬೇಕಾ?

ಉತ್ತರ: ಮೀಟಿಂಗ್‌ಗೆ ಬೇಡ. ಊಟಕ್ಕೆ ಬೇಕು. ಮಧ್ಯಾಹ್ನ ಕ್ಯಾಂಟೀನಿಗೆ ಹೋಗುವಾಗ ಎಲ್ಲರೂ ಒಬ್ಬರಿಗೊಬ್ಬರು "ಮಾಲ್‌ತ್ಸೈಟ್" ಅನ್ನುತ್ತಾರೆ, ನಮ್ಮ "ಊಟ ಆಯ್ತಾ" ಇದ್ದ ಹಾಗೆ. ಯಾವ ಟೀಮಿಗೆ ಜನ ಬೇಕು ಅನ್ನುವ ಮಾತು ಆ ಟೇಬಲ್‌ನಲ್ಲೇ ಮೊದಲು ಬರುತ್ತದೆ. ನಮ್ಮವರೇ ಒಂದು ಮೂಲೆಯಲ್ಲಿ ಡಬ್ಬಿ ಬಿಚ್ಚಿ ಕೂತರೆ ಅದು ಕಿವಿಗೆ ಬೀಳುವುದಿಲ್ಲ. ಡಬ್ಬಿ ತನ್ನಿ, ಕೂರುವುದು ಅವರ ಜೊತೆ ಕೂರಿ.

ಪ್ರಶ್ನೆ ಕೇಳಿದವರು: ಸರ್, ಇವತ್ತು ಹೇಳಿಬಿಟ್ಟೆ! ನನ್ನ ಮೇಲಿನವರು ಬೇಜಾರು ಮಾಡಿಕೊಳ್ಳಲಿಲ್ಲ, ಅವರೇ ಮೇಲ್ ಹಾಕಿದರು. ಬುಧವಾರ 10:30ಕ್ಕೆ ಬ್ಯಾಟರಿ ಟೀಮಿನವರು ಸಿಗುತ್ತಾರೆ. ನನ್ನದು ಕಡ್ಡಾಯ ಇಂಟರ್ನ್‌ಶಿಪ್ಪೇ, ದಿನಗಳ ಚಿಂತೆ ಇಲ್ಲ. ಆದರೆ ಅಪ್ಪ "ಡಿಗ್ರಿ ಆದ ಮೇಲೆ ಕೆಲಸ ಸಿಗದಿದ್ದರೆ?" ಅಂತ ಕೇಳುತ್ತಿದ್ದಾರೆ.

ಉತ್ತರ: ತುಂಬಾ ಖುಷಿಯಾಯಿತು. ಇಲ್ಲಿ ಡಿಗ್ರಿ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳವರೆಗೆ ಪರ್ಮಿಟ್ ಸಿಗುತ್ತದೆ, ಆ ಅವಧಿಯಲ್ಲಿ ಯಾವ ಕೆಲಸ ಬೇಕಾದರೂ ಮಾಡಬಹುದು ಅಂತ ಅಪ್ಪನಿಗೆ ಹೇಳಿ. ಈ ಕಂಪನಿಗಳಲ್ಲಿ ಎಷ್ಟೋ ಬೆಂಗಳೂರಿನಲ್ಲೂ ಇವೆ, ಅದನ್ನೂ ಹೇಳಿ. ಬುಧವಾರಕ್ಕೆ ಆ ಗ್ರಾಫ್ ಪ್ರಿಂಟ್ ಮಾಡಿಕೊಳ್ಳಿ, ಒಂದೇ ಹಾಳೆ ಸಾಕು. 10:25ಕ್ಕೇ ಬಾಗಿಲ ಹತ್ತಿರ ಇರಿ.